ಪಿಸ್ತೂಲಿನ ಕುದುರೆ

ತಾಲ್ಲೂಕಿನ ಶೂಟಿಂಗ್ ತರಬೇತಿ ಕೇಂದ್ರದಲ್ಲಿ ಬುಧವಾರ ಅತ್ಯಂತ ಗಂಭೀರ ಪರಿಸ್ಥಿತಿ ತಲೆದೋರಿತು. ಯತೀಶನ ಏರ್ ಪಿಸ್ತೂಲಿನ ಟ್ರಿಗರ್ ಕೊಂಚ ಒರಟಾಗಿದೆ ಎಂದು ಯತೀಶನಿಗೆ ಅನ್ನಿಸಿತು.

ಭಾನುವಾರ ರಾಜ್ಯ ತಂಡದ ಆಯ್ಕೆ. ಈ ಸಲವೂ ಆಗದಿದ್ದರೆ ಪಿಸ್ತೂಲು ಮಾರಿಬಿಡುತ್ತೇನೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಆದ್ದರಿಂದ ಮರುದಿನ ಗುರುಗಳಾದ ಮಂದಣ್ಣನವರನ್ನು ಕೇಳಿದ:

“ಸಾರ್, ಟ್ರಿಗರನ್ನು ಮನೆಯಲ್ಲೇ ನಯ ಮಾಡಿಕೊಳ್ಳಬಹುದಾ?”

ಮಂದಣ್ಣ ಸೈನ್ಯದಲ್ಲಿದ್ದು ಬಂದವರು. ಹಳೆಯ ಕಾಲದವರಂತೆ ಟ್ರಿಗರನ್ನು ಕುದುರೆ ಎನ್ನುವವರು. ಅವರು ಕತೆ ಶುರುಮಾಡಿದರು.

“ಒಬ್ಬ ವರ್ತಕನ ಬಳಿ ಒಂದು ಕುದುರೆಯಿತ್ತು.”

“ಸಾರ್, ನಾನು ಕೇಳಿದ್ದು ಟ್ರಿಗರಿನ ವಿಷಯ.”

“ನಾನೂ ಅದನ್ನೇ ಹೇಳುತ್ತಿದ್ದೇನೆ. ಹೊರಡುವಾಗಲೆಲ್ಲ ಆ ಕುದುರೆ ಅವನನ್ನು ಕುಲುಕುತ್ತಿತ್ತು. ಕುದುರೆ ಒರಟು ಎಂದು ಅವನು ತೀರ್ಮಾನಿಸಿದ. ಹಿತ್ತಲಲ್ಲೇ ಅದನ್ನು ತಿದ್ದತೊಡಗಿದ. ದಿನದಿಂದ ದಿನಕ್ಕೆ ಕುದುರೆ ನಯವಾಯಿತು. ಕೊನೆಗೆ ಹೊರಡಿಸಲು ಹಿಮ್ಮಡಿ ತಾಕಿಸುವ ಅಗತ್ಯವೇ ಉಳಿಯಲಿಲ್ಲ. ‘ನೀವು ಆಕಳಿಸಿದರೂ ಹೊರಡುತ್ತದಲ್ಲ!’ ಎಂದು ಅವನ ಹೆಂಡತಿ ಮೆಚ್ಚಿದಳು.

“ಸಂತೆಯ ದಿನ ಬಂತು. ದಾರಿಯಲ್ಲಿ ಸುಂಕದ ಕಟ್ಟೆ. ಅಲ್ಲಿ ಸರಕು ನೋಡಿ ಮುಗಿಸುವ ತನಕ ಕುದುರೆ ನಿಂತಿರಬೇಕು. ಅದು ಕಟ್ಟೆಯ ನಿಯಮ. ಸುಂಕದವನು ಚೀಲಕ್ಕೆ ಕೈ ಹಾಕಿದ. ಕುದುರೆ ಹೊರಟಿತು. ಹಿಡಿದು ತಂದರು. ಮತ್ತೆ ಕೈ ಹಾಕಿದ. ಮತ್ತೆ ಹೊರಟಿತು.

“‘ಬಹಳ ಸೂಕ್ಷ್ಮದ ಕುದುರೆ, ಸ್ವಾಮಿ,’ ಎಂದ ವರ್ತಕ.

“‘ಹಾಗಾದರೆ ಅದು ಹಿತ್ತಲಿಗೇ ಸರಿ,’ ಎಂದ ಸುಂಕದವನು. ವರ್ತಕ ಸಂತೆಯ ಮುಖ ಕಾಣಲಿಲ್ಲ.”

ಯತೀಶ ಬೆವರಿದ. ಆಯ್ಕೆಯ ದಿನವೂ ಅಂಥದೊಂದು ಕಟ್ಟೆಯಿದೆ. ಟ್ರಿಗರಿಗೆ ಅರ್ಧ ಕಿಲೋ ತೂಕದ ಬಟ್ಟು ತೂಗುಹಾಕುತ್ತಾರೆ. ಟ್ರಿಗರ್ ಅದನ್ನು ತಡೆಯದಿದ್ದರೆ ಆ ಪಿಸ್ತೂಲಿಗೆ ಪ್ರವೇಶವಿಲ್ಲ.

“ಸಾರ್, ನಿನ್ನೆ ಮನೆಯಲ್ಲಿ ಟ್ರಿಗರಿನ ಸ್ಕ್ರೂ ಸಡಿಲಿಸಿಬಿಟ್ಟೆ,” ಎಂದ. “ಒಳಗೆ ಉಜ್ಜೋಕೆ ಅಂತ ಮರಳುಕಾಗದವನ್ನೂ ತಂದಿದ್ದೆ.”

“ಉಜ್ಜಿದೆಯಾ?”

“ಇಲ್ಲ ಸಾರ್. ಅದನ್ನು ನಮ್ಮತ್ತೆ ದೋಸೆ ಕಾವಲಿ ಉಜ್ಜೋಕೆ ತಗೊಂಡುಬಿಟ್ಟರು.”

“ಅವರಿಗೆ ನನ್ನ ನಮಸ್ಕಾರ ತಿಳಿಸು,” ಎಂದರು ಮಂದಣ್ಣ.

ಅವರು ಗುಂಡಿಲ್ಲದ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಟ್ರಿಗರಿಗೆ ಬಟ್ಟು ತೂಗುಹಾಕಿದರು. ಟಕ್ ಎಂದಿತು. ಬಟ್ಟನ್ನು ತೆಗೆದು, ಸ್ಕ್ರೂವನ್ನು ಮೊದಲಿದ್ದಷ್ಟು ಬಿಗಿಮಾಡಿ, ಮತ್ತೆ ತೂಗುಹಾಕಿದರು. ಈ ಸಲ ಟ್ರಿಗರ್ ಅಲ್ಲಾಡಲಿಲ್ಲ. ಯತೀಶನಿಗೆ ಹೋದ ಜೀವ ಬಂತು.

ಜೀವ ಬಂದ ಮೇಲೆ ಅನುಮಾನವೂ ಬಂತು.

“ಅದೆಲ್ಲ ಸರಿ ಸಾರ್. ಆದರೆ ವರ್ತಕನ ಕುದುರೆ ಮೊದಲು ಒರಟಾಗಿದ್ದದ್ದು ನಿಜ ತಾನೆ?”

“ಕುದುರೆ ಒರಟಾಗಿರಲಿಲ್ಲ ಮಾರಾಯ, ಅವನು ಅದನ್ನು ಒತ್ತುತ್ತಿರಲಿಲ್ಲ, ಒದೆಯುತ್ತಿದ್ದ.”

ಯತೀಶ ತನ್ನ ತೋರುಬೆರಳನ್ನು ನೋಡಿಕೊಂಡ. ಪಿಸ್ತೂಲನ್ನು ಈಸಿಕೊಂಡು ಟ್ರಿಗರನ್ನು ಮೆಲ್ಲಗೆ ಒತ್ತಿನೋಡಿದ.

ಭಾನುವಾರ ಪಿಸ್ತೂಲು ತೂಕದ ಪರೀಕ್ಷೆಯಲ್ಲಿ ಪಾಸಾಯಿತು. ಯತೀಶ ತಂಡದ ಕೊನೆಯ ಸ್ಥಾನಕ್ಕೆ ಆಯ್ಕೆಯಾದ.