ಹಾವು ಹಿಡಿಯುವವನ ಎರಡು ಫೋನು

“ಬುದ್ಧಿ, ಆಂಡ್ರಾಯ್ಡ್ ತೆಗೆದುಕೊಳ್ಳಲೋ, ಐಫೋನ್ ತೆಗೆದುಕೊಳ್ಳಲೋ?”

ಮಠದ ಶಿಷ್ಯ ಸಿದ್ಧಮಲ್ಲ ಗುರುಗಳನ್ನು ಈ ಪ್ರಶ್ನೆ ಕೇಳಿದ್ದು ಅದು ಮೊದಲ ಸಲವಲ್ಲ. ಎರಡು ತಿಂಗಳಿಂದ ಕೇಳುತ್ತಿದ್ದ. ಪೂಜೆಗೆ ಹೂ ತಂದಿಟ್ಟಾಗ ಕೇಳುತ್ತಿದ್ದ, ಪ್ರಸಾದಕ್ಕೆ ಎಲೆ ಹಾಕುವಾಗ ಕೇಳುತ್ತಿದ್ದ. ಗುರುಗಳು ಮೊದಮೊದಲು ನಗುತ್ತಿದ್ದರು. ಆಮೇಲೆ ಯಾವುದಾದರೂ ಒಂದು ತೆಗೆದುಕೋ ಎಂದರು. ಅದಾದ ಮೇಲೆ, ಅವನು ಬಾಯಿ ತೆರೆಯುವ ಮೊದಲೇ ಕಣ್ಣು ಮುಚ್ಚಿ ಜಪಕ್ಕೆ ಕೂರುವುದನ್ನು ರೂಢಿ ಮಾಡಿಕೊಂಡರು.

ಊರಿನ ದೊಡ್ಡಾಸ್ಪತ್ರೆಯ ಹಿಂದೆ ಮಠದವರು ಒಂದು ತಂಗುಮನೆ ನಡೆಸುತ್ತಿದ್ದರು. ರೋಗಿಗಳ ಜೊತೆ ದೂರದ ಊರುಗಳಿಂದ ಬಂದವರಿಗೆ ಅಲ್ಲಿ ಒಂದು ಚಾಪೆ, ಎರಡು ಹೊತ್ತು ಊಟ. ಅದರ ಉಸ್ತುವಾರಿ ಸಿದ್ಧಮಲ್ಲನದು. ಆಸ್ಪತ್ರೆಯ ಗೇಟಿನ ಪಕ್ಕದ ಗೋಡೆಯ ಮೇಲೆ ತಂಗುಮನೆಯ ಫೋನ್ ನಂಬರು ಬರೆಸಿದ್ದರು. ಯಾರಾದರೂ ಫೋನ್ ಮಾಡಿದರೆ ಇವನು ಹೋಗಿ ಅವರನ್ನು ಕರೆದುಕೊಂಡು ಬರಬೇಕು. ಎರಡು ತಿಂಗಳ ಹಿಂದೆ ಆ ಫೋನು ಸಾರಿನ ಪಾತ್ರೆಗೆ ಬಿದ್ದು ಕೆಟ್ಟಿತು. ಭಕ್ತರೊಬ್ಬರು, ನಿಮಗೆ ಯಾವುದು ಬೇಕೋ ಅದನ್ನು ಹೇಳಿ, ಕೊಡಿಸುತ್ತೇನೆ ಅಂದುಬಿಟ್ಟರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಸಿದ್ಧಮಲ್ಲ ಒಂದು ನೋಟ್‌ಬುಕ್ ತಂದ. ಪುಟದ ನಡುವೆ ಗೆರೆ ಎಳೆದು, ಎಡಗಡೆ ಒಂದರ ಗುಣ, ಬಲಗಡೆ ಇನ್ನೊಂದರ ಗುಣ ಬರೆಯತೊಡಗಿದ. ಭಕ್ತರು ಗುರುಗಳ ಪಾದಕ್ಕೆ ಬಗ್ಗಿದರೆ ಇವನು ಅವರ ಜೇಬಿನಿಂದ ಇಣುಕುವ ಫೋನನ್ನೇ ನೋಡುತ್ತಿದ್ದ. ಅವರು ಏಳುವುದೇ ತಡ, ಬಾಗಿಲ ತನಕ ಹಿಂದೆ ಹೋಗಿ ವಿಚಾರಿಸುತ್ತಿದ್ದ. ಒಬ್ಬರು ಎಡಕ್ಕೆ ಒಂದು ಸಾಲು ಸೇರಿಸಿದರೆ ಮರುದಿನ ಇನ್ನೊಬ್ಬರು ಬಲಕ್ಕೆ ಒಂದು ಸಾಲು ಸೇರಿಸುತ್ತಿದ್ದರು. ತಂಗುಮನೆಯ ಸಿಮ್ಮು ಕಾಗದದಲ್ಲಿ ಸುತ್ತಿಟ್ಟ ಹಾಗೇ ಅದೇ ನೋಟ್‌ಬುಕ್ಕಿನ ರಟ್ಟಿನ ಒಳಗೆ ಬಿದ್ದಿತ್ತು; ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಿದವರಿಗೆ ಯಾರೂ ಸಿಗುತ್ತಿರಲಿಲ್ಲ.

ಆ ದಿನ ಗುರುಗಳು ಕಣ್ಣು ಮುಚ್ಚಲಿಲ್ಲ.

ಕೂತುಕೋ ಎಂದರು. ಆ ಪುಸ್ತಕ ಮುಚ್ಚು. ಮುಚ್ಚುವುದಿಲ್ಲವಾ? ಹೋಗಲಿ, ತೆರೆದೇ ಇಟ್ಟುಕೋ. ಒಂದು ಕತೆ ಹೇಳುತ್ತೇನೆ. ಬರೆದುಕೊಳ್ಳುವಂಥದ್ದೇನಾದರೂ ಸಿಕ್ಕಿದರೆ ಬರೆದುಕೋ, ನನ್ನದೇನೂ ಅಭ್ಯಂತರವಿಲ್ಲ.

ಒಬ್ಬ ಹಾವು ಹಿಡಿಯುವವನಿದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಹತ್ತಿರ ಯಾವ ಫೋನಿದೆ ಅಂತ ಕೇಳಿಕೊಂಡು ಬಸ್ಸು ಹತ್ತುತ್ತೀಯ, ನಿನ್ನನ್ನು ಬಲ್ಲೆ. ಕೆಲಸದಲ್ಲಿ ಅವನು ಗಟ್ಟಿ. ಇಪ್ಪತ್ತು ವರ್ಷದಲ್ಲಿ ಒಂದು ಹಾವನ್ನೂ ಕೊಂದವನಲ್ಲ, ಒಂದು ಸಲವೂ ಕಚ್ಚಿಸಿಕೊಂಡವನಲ್ಲ. ಅವನ ಹತ್ತಿರ ಇದ್ದದ್ದು ತುದಿ ಬಾಗಿದ ಒಂದು ಕೋಲು, ಒಂದು ಬಟ್ಟೆಯ ಚೀಲ, ಗುಂಡಿ ಒತ್ತುವ ಒಂದು ಹಳೇ ಫೋನು. ಸುತ್ತಮುತ್ತಲ ಹಳ್ಳಿಗಳಲ್ಲಿ ಹಾಲಿನ ಡೇರಿಯ ಗೋಡೆಯ ಮೇಲೆ ಅವನ ನಂಬರಿತ್ತು. ಮನೆಗೆ ಹಾವು ಹೊಕ್ಕಿತು ಅಂದರೆ ಜನ ಮೊದಲು ಅವನಿಗೆ ಫೋನ್ ಮಾಡುತ್ತಿದ್ದರು, ದೇವರನ್ನು ನೆನೆಯುತ್ತಿದ್ದದ್ದು ಆಮೇಲೆ.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಫೋನ್ ಮಾಡಿದವರಿಗೆ ಅವನು ಹೇಳುತ್ತಿದ್ದದ್ದು ಇಷ್ಟೇ. ಹೊಡೆಯಬೇಡಿ, ಕೂಗಬೇಡಿ, ದೂರ ನಿಂತುಕೊಳ್ಳಿ, ಆದರೆ ನಾನು ಬರುವ ತನಕ ಅದರ ಮೇಲಿನ ಕಣ್ಣು ತೆಗೆಯಬೇಡಿ. ಏಕೆಂದರೆ ಎದುರಿಗೆ ಕಾಣುವ ಹಾವನ್ನು ಹಿಡಿಯಲು ಅವನಿಗೆ ಎರಡು ನಿಮಿಷ ಸಾಕು. ಕಣ್ಣು ತಪ್ಪಿಸಿಕೊಂಡಿತೋ, ಮನೆಯ ಸಾಮಾನನ್ನೆಲ್ಲ ಬೀದಿಗೆ ಹಾಕಬೇಕು. ಹೀಗಾಗಿ ಯಾರೋ ಒಬ್ಬರು ಅವನು ಬರುವವರೆಗೂ ಹಾವು ಕಾಯುತ್ತಿದ್ದರು. ಅವನು ಬಂದು ಹಾವನ್ನು ತಾನೇ ಕಣ್ಣಾರೆ ಕಂಡ ಮೇಲೆ, ನಾನು ನೋಡುತ್ತಿದ್ದೇನೆ, ನೀವಿನ್ನು ಹೋಗಿ ಅನ್ನುತ್ತಿದ್ದ. ಆ ಮಾತು ಅವನ ಬಾಯಿಂದ ಬಂತು ಅಂದರೆ ಕಾಯುವ ಕೆಲಸ ಅವನದಾಯಿತು ಅಂತ ಅರ್ಥ. ಜನ ಅದನ್ನು ಕೇಳಿದ ಮೇಲೆಯೇ ಉಸಿರು ಬಿಡುತ್ತಿದ್ದರು.

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಅರಣ್ಯ ಇಲಾಖೆಯವರು ಅವನನ್ನು ಕರೆಸಿ, ಇನ್ನು ಮೇಲೆ ಹಿಡಿದ ಹಾವಿನ ಫೋಟೋ ಕಳಿಸಬೇಕು, ಬಿಟ್ಟ ಜಾಗದ ಫೋಟೋನೂ ಕಳಿಸಬೇಕು ಅಂದರು. ಮಗಳ ಶಾಲೆಯವರು ಎಲ್ಲವನ್ನೂ ವಾಟ್ಸಾಪಿನಲ್ಲೇ ತಿಳಿಸತೊಡಗಿದ್ದರು. ಹೊಸ ಬಡಾವಣೆಗಳಲ್ಲಿ ಮನೆ ಹುಡುಕಲು ಮ್ಯಾಪು ಬೇಕಾಗಿತ್ತು. ಕೆಲಸಕ್ಕೂ ಬೇಕು, ಮನೆಗೂ ಬೇಕು; ದೊಡ್ಡ ಫೋನು ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಬೇಕಾದ್ದು ಬೇಕು.

ಅವನು ಭಾವಮೈದನನ್ನು ಕೇಳಿದ. ಭಾವಮೈದ ಆಂಡ್ರಾಯ್ಡಿನವನು. ಇದರಲ್ಲಿ ನಮಗೆ ಬೇಕಾದದ್ದು ಹಾಕಿಕೊಳ್ಳಬಹುದು, ಬೇಡವಾದದ್ದು ತೆಗೆಯಬಹುದು, ಸಂತೆಗೆ ಹೋದರೂ ಚಾರ್ಜರು ಸಿಗುತ್ತದೆ ಅಂದ. ಆಮೇಲೆ ಮೆಕ್ಯಾನಿಕ್ ಗೆಳೆಯನನ್ನು ಕೇಳಿದ. ಅವನು ಐಫೋನಿನವನು. ಇದರಲ್ಲಿ ನಾವು ಏನೂ ಮಾಡುವ ಹಾಗೇ ಇಲ್ಲ, ಎಲ್ಲ ಅದೇ ನೋಡಿಕೊಳ್ಳುತ್ತದೆ, ಐದು ವರ್ಷ ಆಯಿತು, ನೋಡು, ನಿನ್ನೆ ತಂದ ಹಾಗಿದೆ ಅಂದ. ಹಾವು ಹಿಡಿಯುವವನು ಇವನು ಹೇಳಿದ್ದನ್ನು ಅವನಿಗೆ ಹೇಳಿದ, ಅವನು ಹೇಳಿದ್ದನ್ನು ಇವನಿಗೆ ಹೇಳಿದ. ಒಂದು ವಾರದಲ್ಲಿ ಆ ಇಬ್ಬರೂ ಮುಖ ಕಂಡರೆ ಮುಖ ತಿರುಗಿಸಿಕೊಳ್ಳುವಂತಾಯಿತು. ನಿನ್ನ ದೆಸೆಯಿಂದ ಮಠದಲ್ಲೂ ಇಬ್ಬರು ಭಕ್ತರು ಪಂಕ್ತಿಯಲ್ಲಿ ದೂರ ದೂರ ಕೂರುತ್ತಿದ್ದಾರೆ, ನನಗೇನು ಕಾಣುವುದಿಲ್ಲವಾ?

ಕೊನೆಗೆ ಇಬ್ಬರೂ ಹಟಕ್ಕೆ ಬಿದ್ದು ತಂತಮ್ಮ ಫೋನನ್ನು ಅವನ ಕೈಗಿಟ್ಟರು. ಎಂಟು ದಿನ ಇಟ್ಟುಕೊಂಡು ನೀನೇ ನೋಡು ಅಂದರು.

ಇಲ್ಲಿ ಸಿದ್ಧಮಲ್ಲ ಪೆನ್ನು ತೆಗೆದು, ಅವು ಯಾವ ವರ್ಷದ ಮಾಡೆಲ್ ಎಂದು ಕೇಳಿದ. ಗುರುಗಳು ನೀರು ಕುಡಿದರು. ಮತ್ತೆ ಮುಂದುವರಿಸಿದರು.

ಅವನಿಗೆ ತಲೆ ಕೆಟ್ಟಿತು. ನಿನಗೆ ಕೆಟ್ಟಿದೆಯಲ್ಲ, ಹಾಗೇ ಅಂತ ಇಟ್ಟುಕೋ. ಅಂಗಿಯ ಎಡಜೇಬಿನಲ್ಲಿ ಒಂದು, ಬಲಜೇಬಿನಲ್ಲಿ ಒಂದು. ನಂಬರು ಮಾತ್ರ ಇನ್ನೂ ಹಳೇ ಫೋನಿನಲ್ಲೇ ಇತ್ತು, ಅದು ಪ್ಯಾಂಟಿನ ಜೇಬಿನಲ್ಲಿ. ಹೋದ ಹೋದ ಮನೆಯಲ್ಲೆಲ್ಲ ಹಾವು ಎಲ್ಲಿದೆ ಅಂತ ಕೇಳಿದ ಮೇಲೆ, ನಿಮ್ಮದು ಯಾವ ಫೋನು ಅಂತ ಕೇಳುತ್ತಿದ್ದ. ಒಂದು ಮನೆಯ ಜಗಲಿಯಲ್ಲಿ, ಚೀಲದಲ್ಲಿ ಕೇರೆಹಾವು ಇಟ್ಟುಕೊಂಡು, ಬ್ಯಾಟರಿಯ ವಿಚಾರ ಮಾತಾಡುತ್ತಾ ಮುಕ್ಕಾಲು ಗಂಟೆ ಕೂತ. ಮನೆಯವರು ಕಾಫಿ ಕೊಟ್ಟರು, ಆಮೇಲೆ ಮಜ್ಜಿಗೆ ಕೊಟ್ಟರು, ಆಮೇಲೆ ಎದ್ದು ಒಳಗೆ ಹೋದರು. ಚೀಲದೊಳಗಿನ ಹಾವೂ ಅತ್ತಿತ್ತ ಹೊರಳಾಡಿ ಸಾಕಾಗಿ ಸುಮ್ಮನಾಯಿತು. ಅವನ ಹೆಂಡತಿ, ಆ ಎರಡೂ ಫೋನನ್ನು ತೆಗೆದುಕೊಂಡು ಹೋಗಿ ಬಾವಿಗೆ ಹಾಕಿ ಬನ್ನಿ ಅಂದಳು. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಳನೇ ದಿನಕ್ಕೂ ಅವನಿಗೆ ಇತ್ತ ಇಲ್ಲ, ಅತ್ತ ಇಲ್ಲ.

ಎಂಟನೇ ದಿನ ಮಧ್ಯಾಹ್ನ ಒಬ್ಬ ತಾಯಿ ಫೋನ್ ಮಾಡಿದಳು. ಮಗಳು ಬಾಣಂತಿ, ಹೆತ್ತು ಒಂಬತ್ತು ದಿನ. ಬಾಣಂತಿ ಕೋಣೆಗೆ ಇರುವುದು ಒಂದೇ ಬಾಗಿಲು, ಕಿಟಕಿಯಿಲ್ಲ. ಮಗಳೂ ಮಗುವೂ ಆ ಕೊನೆಯಲ್ಲಿ ಮಂಚದ ಮೇಲೆ. ಬಾಗಿಲ ಪಕ್ಕದ ಅಕ್ಕಿ ಡ್ರಮ್ಮಿನ ಹತ್ತಿರ ನಾಗರಹಾವು ಸುತ್ತಿಕೊಂಡು ಕೂತಿದೆ. ಅದನ್ನು ದಾಟದೆ ಮಗಳು ಹೊರಗೆ ಬರುವ ಹಾಗಿಲ್ಲ. ಇವನು ಎಂದಿನ ಮಾತೇ ಹೇಳಿದ. ಕಣ್ಣು ತೆಗೆಯಬೇಡಿ ತಾಯಿ, ಬಂದೆ.

ಅವನು ಬರುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆ ಹೆಂಗಸು ಹೊಸ್ತಿಲ ಆಚೆ ನಿಂತು ಹಾವನ್ನು ನೋಡಿದಳು. ಮಗಳಿಗೆ, ಗೋಡೆಯ ಕಡೆ ತಿರುಗಿಕೋ, ಕಾಲು ಮೇಲೆತ್ತಿಕೋ, ಮಗುವನ್ನು ಸೆರಗಿನೊಳಗೆ ಹಾಕಿಕೋ, ನೀನು ನೋಡಬೇಡ, ನಾನು ನೋಡುತ್ತಿದ್ದೇನೆ ಅಂತ ಹೇಳಿದ್ದಳು. ಕೋಣೆಯ ತುಂಬ ಮಗುವಿಗೆ ಹಾಕಿದ ಸಾಂಬ್ರಾಣಿಯ ಹೊಗೆ. ತಾಯಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ಎಲ್ಲಿ ಆ ಗಳಿಗೆಯಲ್ಲೇ ತಪ್ಪಿಸಿಕೊಂಡುಬಿಡುತ್ತದೋ ಅಂತ ಅವಳು ಕಣ್ಣು ಒರೆಸಿಕೊಳ್ಳಲೂ ಇಲ್ಲ. ಓದು ಬರಹ ಬಾರದವಳು. ಅವಳ ಹತ್ತಿರ ಇದ್ದ ಫೋನು ಯಾವುದು ಅಂತ ನೀನು ಕೇಳಬೇಡ, ಅದು ಪಕ್ಕದ ಮನೆಯವರದು.

ಹಾವು ಹಿಡಿಯುವವನು ಬಂದ. ಹೊಸ್ತಿಲಲ್ಲಿ ನಿಂತು ನೋಡಿದ. ಹಾವು ಇತ್ತು. ಒಳ್ಳೇ ಜಾಗದಲ್ಲಿ ಇತ್ತು, ಕೋಲು ಚಾಚಿದರೆ ಸಿಗುವ ಹಾಗೆ. ನಾನು ನೋಡುತ್ತಿದ್ದೇನೆ ತಾಯಿ, ನೀವಿನ್ನು ಹೋಗಿ ಅಂದ.

ಅವಳು ನಂಬಿದಳು. ತಿರುಗಿ ನಡುಮನೆಗೆ ಬಂದು, ಕಂಬಕ್ಕೆ ಒರಗಿ ಕೂತು, ಆ ಹೊತ್ತಿಗೆ ಮೊದಲ ಸಲ ಕಣ್ಣು ಮುಚ್ಚಿದಳು.

ಇನ್ನು ಎರಡು ನಿಮಿಷದ ಕೆಲಸ. ಕೋಲು ಕೈಯಲ್ಲೇ ಇತ್ತು. ಆದರೆ ಇವನಿಗೆ ಒಂದು ಯೋಚನೆ ಬಂತು. ಮಬ್ಬು ಕೋಣೆ, ಅದರ ಮೇಲೆ ಹೊಗೆ, ಕಪ್ಪು ಹಾವು. ಎರಡು ಕ್ಯಾಮೆರಾಗಳ ಹಣೆಬರಹ ತೀರ್ಮಾನವಾಗಲು ಇಂಥ ಜಾಗ ಇನ್ನೊಂದು ಸಿಗುವುದಿಲ್ಲ. ಹೇಗೂ ಫೋಟೋ ತೆಗೆಯಲೇಬೇಕು. ಇವತ್ತು ಎಂಟನೇ ದಿನ, ನಾಳೆ ಎರಡನ್ನೂ ವಾಪಸು ಕೊಡಬೇಕು. ಅವನು ಕೋಲನ್ನು ಬಾಗಿಲ ಚೌಕಟ್ಟಿಗೆ ಒರಗಿಸಿದ.

ಎಡಜೇಬಿನದು ತೆಗೆದು ಒಂದು ಫೋಟೋ ಹೊಡೆದ. ಬಲಜೇಬಿನದು ತೆಗೆದು ಒಂದು ಫೋಟೋ ಹೊಡೆದ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಅವನು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಒಂದರಲ್ಲಿ ಗೋಡೆ ಹಳದಿಯಾಗಿ ಕಂಡಿತು, ಒಂದರಲ್ಲಿ ಬೂದಿಯಾಗಿ ಕಂಡಿತು. ಬೆರಳಿನಲ್ಲಿ ಹಿಗ್ಗಿಸಿ ಹೆಡೆಯ ಮೇಲಿನ ಗುರುತನ್ನು ಇದರಲ್ಲಿ ನೋಡಿದ, ಅದರಲ್ಲಿ ನೋಡಿದ, ಮತ್ತೆ ಇದರಲ್ಲಿ ನೋಡಿದ. ಬಹಳ ಹೊತ್ತೇನೂ ಅಲ್ಲ. ನೀನು ಪುಟ ತಿರುಗಿಸುವಷ್ಟು ಹೊತ್ತು.

ತಲೆ ಎತ್ತಿದ. ಡ್ರಮ್ಮು ಇತ್ತು. ಗೋಡೆ ಇತ್ತು. ಎಡಗೈಯಲ್ಲೂ ಹಾವಿತ್ತು, ಬಲಗೈಯಲ್ಲೂ ಹಾವಿತ್ತು. ಇದ್ದ ಜಾಗದಲ್ಲಿ ಹಾವಿರಲಿಲ್ಲ.

ಬಾಗಿಲಲ್ಲಿ ಅವನೇ ನಿಂತಿದ್ದ, ಹಾಗಾಗಿ ಅದು ಹೊರಗೆ ಹೋಗಿಲ್ಲ ಅಂತ ಅವನಿಗೆ ಗೊತ್ತು. ಡ್ರಮ್ಮಿನ ಹಿಂದೆ ಇರಬಹುದು. ಮಂಚದ ಕೆಳಗೆ ಹಳೇ ಬಟ್ಟೆಯ ಗಂಟುಗಳು, ಮೂಟೆಗಳು, ಒಂದು ತೊಟ್ಟಿಲು, ಅಲ್ಲೂ ಇರಬಹುದು. ನಡುಮನೆಯಲ್ಲಿ ಆ ತಾಯಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅವಳಿಗೆ ಏನಂತ ಹೇಳುವುದು? ನಲವತ್ತು ನಿಮಿಷ ನೀನು ಕಾದದ್ದನ್ನು ನಾನು ಒಂದು ಪುಟ ತಿರುಗಿಸುವಷ್ಟು ಹೊತ್ತೂ ಕಾಯಲಿಲ್ಲ ಅಂತಲೇ?

ಮಗಳು ಇನ್ನೂ ಗೋಡೆಯ ಕಡೆಗೇ ತಿರುಗಿ ಕೂತಿದ್ದಳು. ನಾನು ನೋಡುತ್ತಿದ್ದೇನೆ ಅಂತ ಅವನು ಹೇಳಿದ್ದು ಅವಳಿಗೂ ಕೇಳಿಸಿತ್ತು. ಆಮೇಲೆ ಸದ್ದಿಲ್ಲ. ಹಾಗಾದರೆ ಹಿಡಿದಾಯಿತು ಅಂದುಕೊಂಡಳು. ಅಷ್ಟು ಹೊತ್ತು ಮಡಚಿಕೊಂಡ ಕಾಲು ಜೋಮು ಹಿಡಿದಿತ್ತು, ಒಂಬತ್ತು ದಿನದ ಹಸಿ ಮೈ. ಒಂದು ಕಾಲನ್ನು ಮಂಚದ ಅಂಚಿನ ತನಕ ತಂದು, ತಿರುಗಿ ನೋಡದೆಯೇ, ಮಗು ಎಚ್ಚರವಾಗದ ಹಾಗೆ ಮೆಲ್ಲಗೆ ಕೇಳಿದಳು.

“ಅಣ್ಣಾ, ಈಗ ಕಾಲು ಕೆಳಗಿಡಬಹುದಾ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡು ಅಂಗಳದ ಕಡೆ ನೋಡುತ್ತಾ ಕೂತರು. ಪಾಕಶಾಲೆಯಿಂದ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು. ಸಿದ್ಧಮಲ್ಲ ಕತೆ ಮುಂದುವರಿಯುತ್ತದೆಂದು ಕಾದ. ಮುಂದುವರಿಯಲಿಲ್ಲ. ಅವನು ನೋಟ್‌ಬುಕ್ಕಿನ ಎಡಬಲ ಎರಡೂ ಬದಿಗಳನ್ನು ಒಮ್ಮೆ ನೋಡಿ, ಪೆನ್ನನ್ನು ನಡುವಿನ ಗೆರೆಯ ಮೇಲಿಟ್ಟುಕೊಂಡು ಮುಂದಕ್ಕೆ ಜರುಗಿ ಕೂತ.

“ಬುದ್ಧಿ, ಕೊನೆಗೆ ಆ ಮಬ್ಬಿನಲ್ಲಿ ಯಾವುದರ ಫೋಟೋ ಚೆನ್ನಾಗಿ ಬಂದಿತ್ತು?”

“ಆ ಹೆಣ್ಣುಮಗಳು ಕಾಲು ಕೆಳಗಿಟ್ಟಳಾ ಅಂತ ನೀನು ಕೇಳಲಿಲ್ಲವಲ್ಲೋ, ಸಿದ್ಧಮಲ್ಲ.”