ಗುದ್ದಿನ ನಡುವೆ ಆಡಿದ ಮಾತು

ಏಳು ಕೆರೆ ದಾಟಿ, ಎಂಟು ಗುಡ್ಡ ಹತ್ತಿಳಿದರೆ ಹೊನ್ನಕುದುರೆ ಅಂತ ಒಂದು ರಾಜ್ಯ ಇತ್ತು. ಈಗ ಹುಡುಕಿಕೊಂಡು ಹೋಗಬೇಡಿ, ಸಿಗೋದಿಲ್ಲ. ಆ ರಾಜ್ಯಕ್ಕೆ ವೀರಬಲ್ಲಹ ಅಂತ ರಾಜ. ಅವನಿಗೆ ರಾಣಿಯರು ಮೂವರು, ಮಕ್ಕಳು ಹದಿಮೂರು. ಪ್ರೀತಿ ಮಾತ್ರ ಮುಷ್ಟಿಕಾಳಗದ ಮೇಲೆ.

ಆ ಊರಲ್ಲಿ ಇಬ್ಬರು ಜಟ್ಟಿಗಳು. ಮೂಡಲ ಗರಡಿಯಲ್ಲಿ ಭೋಗಜಟ್ಟಿ, ಪಡುವಲ ಗರಡಿಯಲ್ಲಿ ಸಿಂಗಜಟ್ಟಿ. ಭೋಗಜಟ್ಟಿ ಎತ್ತರದ ಆಳು. ಅವನು ಕೆಮ್ಮಿದರೆ ತೆಂಗಿನಮರದಿಂದ ಎಳನೀರು ಉದುರುತ್ತಿತ್ತು. ಸಿಂಗಜಟ್ಟಿ ಗಿಡ್ಡ. ಅವನು ಗೋಡೆಗೆ ಗುದ್ದಿದರೆ ಪಕ್ಕದ ಮನೆಯವರಿಗೆ ಹೊಸ ಬಾಗಿಲು ಸಿಗುತ್ತಿತ್ತು. ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ಕೇಳಬೇಡಿ. ಒಂದಂತೂ ಪೂರ್ತಿ ನಿಜ. ಇಬ್ಬರೂ ಒಬ್ಬನೇ ಗುರುವಿನ ಕೈಯಲ್ಲಿ ಪಳಗಿದವರು, ಒಂದೇ ತಣಿಗೆಯಲ್ಲಿ ಮುದ್ದೆ ಮುರಿದು ಉಂಡವರು.

ವರ್ಷಕ್ಕೊಮ್ಮೆ ರಾಜನ ಮುಂದೆ ಇಬ್ಬರಿಗೂ ಕಾಳಗ. ತಲೆ ಬೋಳಿಸಿಕೊಂಡು, ಬಲಗೈಗೆ ಕೋಣದ ಕೊಂಬಿನ ವಜ್ರಮುಷ್ಟಿ ತೊಟ್ಟು, ಕೆಮ್ಮಣ್ಣಿನ ಕಣಕ್ಕೆ ಇಳಿಯಬೇಕು. ಯಾರ ತಲೆಯ ಮೇಲೆ ಮೊದಲ ಹನಿ ರಕ್ತ ಕಂಡಿತೋ ಅವನು ಸೋತ. ಅಲ್ಲಿಗೆ ಕಾಳಗ ನಿಲ್ಲಬೇಕು. ಗೆದ್ದವನ ತಲೆಗೆ ಜರಿ ರುಮಾಲು. ಸಾವಿರ ವರಹದ ಸಂಚಿ ಮಾತ್ರ ಇಬ್ಬರಿಗೂ ಸೇರಿದ್ದು. ಹೇಗೆ ಹಂಚಿಕೊಳ್ಳಬೇಕು ಅನ್ನೋದು ಅವರವರ ಒಪ್ಪಂದ.

ಇಲ್ಲೇ ನೋಡಿ ತೊಡಕು. ಆ ರಾಜ್ಯದಲ್ಲಿ ಮಾತುಕಟ್ಟು ಅಂತ ಒಂದು ಪದ್ಧತಿ. ಕಾಳಗಕ್ಕೆ ಹದಿನೈದು ದಿನ ಮುಂಚಿನಿಂದ, ಮುಗಿದು ಎಂಟು ದಿನ ಆಗೋವರೆಗೆ, ಒಂದು ಗರಡಿಯವರು ಇನ್ನೊಂದು ಗರಡಿಯವರ ಜೊತೆ ತುಟಿ ಬಿಚ್ಚುವ ಹಾಗಿಲ್ಲ. ಹೇಳೋದಿದ್ದರೆ ಪಾರುಪತ್ಯಗಾರ ನಂಜರಸಯ್ಯನ ಕಿವಿಗೆ ಹೇಳಬೇಕು. ಅವನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಮಾತು ಹೊರುತ್ತಿದ್ದ. ಎಂಟನೇ ದಿನ ರಾಜನ ಮುಂದೆ ಕಹಳೆ ಊದಿದರೆ ಮಾತುಕಟ್ಟು ಬಿಚ್ಚಿತು. ಆಗ ಇಬ್ಬರೂ ಒಟ್ಟಿಗೆ ಸಂಚಿಯ ಮೇಲೆ ಕೈಯಿಟ್ಟು "ಒಪ್ಪಿದೆ" ಅನ್ನಬೇಕು. ಅನ್ನದಿದ್ದರೆ ಸಂಚಿ ಗರಡಿ ದೀಪದ ಎಣ್ಣೆಗೆ. ಎಣ್ಣೆಯ ಉಸ್ತುವಾರಿ ಯಾರದು? ನಂಜರಸಯ್ಯನದೇ.

ಮೊದಲ ವರ್ಷ ನಂಜರಸಯ್ಯ ಸಿಂಗಜಟ್ಟಿಯ ಹತ್ತಿರ ಬಂದು ನಿಟ್ಟುಸಿರು ಬಿಟ್ಟ. "ಹೇಳೋಕೆ ನಾಲಿಗೆ ಬರಲ್ಲಪ್ಪ. ಮುಕ್ಕಾಲು ಪಾಲು ತನಗೆ ಅಂತಾನೆ ಭೋಗ. ಜನ ಬರೋದು ಅವನನ್ನು ನೋಡೋಕಂತೆ. ನೀನು ಅವನು ಬಾರಿಸೋ ತಮಟೆಯಂತೆ." ಸಿಂಗಜಟ್ಟಿಗೆ ಉರಿದುಹೋಯಿತು. ಎಂಟನೇ ದಿನ ಕಹಳೆ ಊದಿತು, ಅವನು ಕೈ ಚಾಚಲಿಲ್ಲ. ಸಂಚಿ ಎಣ್ಣೆಗೆ ಹೋಯಿತು.

ಎರಡನೇ ವರ್ಷವೂ ನಂಜರಸಯ್ಯ ಬಂದ. "ಈ ಸಲ ಸಂಚಿ ಪೂರ್ತಿ ತನಗಂತೆ. ಸಂಚಿ ಕಟ್ಟಿದ ದಾರ ಬೇಕಾದರೆ ನಿನಗಂತೆ, ಲಂಗೋಟಿಗೆ ಆಗುತ್ತಂತೆ." ಮತ್ತೆ ಕಹಳೆ ಊದಿತು, ಮತ್ತೆ ಸಂಚಿ ಎಣ್ಣೆಗೆ ಹೋಯಿತು. ಇಷ್ಟು ಎಣ್ಣೆಗೆ ಗರಡಿಯ ದೀಪ ಪಕ್ಕದ ರಾಜ್ಯಕ್ಕೂ ಬೆಳಕು ಕೊಡಬೇಕಿತ್ತು. ಗರಡಿಯಲ್ಲಿ ನೋಡಿದರೆ ಬತ್ತಿಗೇ ಗತಿ ಇರಲಿಲ್ಲ.

ಅಷ್ಟರಲ್ಲಿ ಜಟ್ಟಿಗಳ ಮನಸ್ಸು ಒಡೆದಿತ್ತು. ದಾರಿಯಲ್ಲಿ ಎದುರಾದರೆ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ನೆಲ ನೋಡುತ್ತಿದ್ದ.

ಮೂರನೇ ವರ್ಷ ರಾಜನಿಗೆ ರೇಗಿತು. "ಈ ಸಲವೂ ರಾಜಿ ಆಗದಿದ್ದರೆ, ಬರೋ ವರ್ಷ ರಕ್ತ ಕಂಡರೂ ಕಾಳಗ ನಿಲ್ಲಿಸಲ್ಲ. ಒಬ್ಬನ ಉಸಿರು ನಿಂತ ಮೇಲೇ ನಿಲ್ಲಿಸೋದು. ಉಳಿದವನಿಗೆ ಸಂಚಿ. ಹಂಚೋ ಗೋಳೇ ಬೇಡ!"

ಆವತ್ತು ಸಿಂಗಜಟ್ಟಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಅವನ ಹೆಂಡತಿ ಚೆನ್ನಾಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಾಯ್ತು? ಉಪ್ಪು ಕಡಿಮೆಯೇ?"

"ಬರೋ ವರ್ಷ ಭೋಗಣ್ಣನನ್ನ ನಾನು ಕೊಲ್ಲಬೇಕು, ಇಲ್ಲ ಅವನು ನನ್ನ ಕೊಲ್ಲಬೇಕು ಕಣೆ."

"ಅವನು ನಿಮ್ಮನ್ನ ತಮಟೆ ಅಂದ, ದಾರ ಕೊಡ್ತೀನಿ ಅಂದ. ಅವನ ಬಾಯಿಂದ ನೀವು ಕೇಳಿದ್ರಾ?"

"ಹೇಗೆ ಕೇಳಲಿ? ವರ್ಷವೆಲ್ಲ ಸಿಟ್ಟು, ಈಗ ಮಾತುಕಟ್ಟು."

"ಅದು ಕಣದ ಹೊರಗೆ. ಕಣದ ಒಳಗೆ?"

ಸಿಂಗಜಟ್ಟಿ ಕಣ್ಣು ಬಿಟ್ಟ. "ಕಣದ ಒಳಗೆ ಗುದ್ದು!"

"ಗುದ್ದೋದು ಕೈ ತಾನೇ? ಬಾಯಿ ಖಾಲಿ ಇರ್ತದಲ್ಲ!"

ಸಿಂಗಜಟ್ಟಿ ಹೆಂಡತಿಯ ಮುಖ ನೋಡಿದ. ಆಮೇಲೆ ಮೂರು ಮುದ್ದೆ ಉಂಡ.

ಕಾಳಗದ ದಿನ ಬಂತು. ಕಣದ ಸುತ್ತ ಇರುವೆ ನುಸುಳಲಿಕ್ಕೂ ಜಾಗ ಇಲ್ಲ. ಮೊದಲ ಪಟ್ಟಿನಲ್ಲೇ ಸಿಂಗಜಟ್ಟಿ ಭೋಗಜಟ್ಟಿಯ ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಕೇಳಿದ.

"ಏನಣ್ಣ, ನಾನೇನು ನೀನು ಬಾರಿಸೋ ತಮಟೆಯೇ?"

"ಯಾವನೋ ಅಂದೋನು?" ಅಂತ ಭೋಗಜಟ್ಟಿ ಪಕ್ಕೆಗೆ ಗುದ್ದಿದ. "ನೀನು ತಾನೇ ನನ್ನನ್ನ ಮಾಂಸದ ಮೂಟೆ ಅಂದಿದ್ದು!"

"ಅಯ್ಯೋ! ನಾನೆಲ್ಲಿ ಅಂದೆ?" ಸಿಂಗಜಟ್ಟಿ ಭುಜಕ್ಕೆ ತಿರುಗಿ ಗುದ್ದಿದ. "ಹೋದ ವರ್ಷ ಸಂಚಿ ಪೂರ್ತಿ ಕೇಳಿದ್ದು ಯಾರು?"

"ನೀನು ಕೇಳಿದೆಯಂತೆ! ದಾರ ನನಗಂತೆ!"

"ಆ ದಾರ ನನಗಂತೆ ಕಣಣ್ಣ! ನೀನು ಎಷ್ಟು ಹೇಳಿ ಕಳಿಸಿದ್ದೆ?"

"ಸಮಪಾಲು. ಎರಡು ವರ್ಷವೂ ಸಮಪಾಲು. ನೀನು?"

"ನಾನೂ ಅಷ್ಟೇ, ನಮ್ಮ ಗುರುವಿನಾಣೆ!"

ಇಬ್ಬರೂ ಒಂದು ಕ್ಷಣ ಗುದ್ದೋದನ್ನೇ ಮರೆತು ನಿಂತರು. ಮೇಲೆ ಕೂತ ರಾಜ, "ಆಹಾ, ಎಂಥ ರೋಷ! ಹೇಗೆ ಬೈದಾಡ್ತಿದ್ದಾರೆ ನೋಡಿ!" ಅಂತ ರಾಣಿಯರಿಗೆ ತೋರಿಸಿದ.

ಸಿಂಗಜಟ್ಟಿ ಮತ್ತೆ ಕುತ್ತಿಗೆಗೆ ಜೋತುಬಿದ್ದ. ನಂಜರಸಯ್ಯ ಬಂದರೆ ಏನು ಹೇಳಬೇಕು, ಯಾರ ಎದುರಿಗೆ ಹೇಳಬೇಕು, ಎಷ್ಟು ಜೋರಾಗಿ ಹೇಳಬೇಕು ಅಂತ ಮೂರು ಗುದ್ದಿನೊಳಗೆ ಹೇಳಿ ಮುಗಿಸಿದ. ಭೋಗಜಟ್ಟಿ ನಗು ತಡೆಯೋಕೆ ಹಲ್ಲು ಕಡಿದ.

"ಸರಿ ಕಣೋ ತಮ್ಮ. ಈಗ ಯಾರ ತಲೆ ಒಡೆಯೋಣ? ಅದನ್ನೂ ಮಾತಾಡಿಬಿಡು."

"ಅದಕ್ಕೆ ಮಾತಿಲ್ಲಣ್ಣ. ಅದನ್ನ ನಿಜವಾಗಿ ಆಡೋಣ."

ಆಡಿದರು ನೋಡಿ! ಅಂಥ ಕಾಳಗ ಆ ಊರು ಹಿಂದೆ ಕಂಡಿರಲಿಲ್ಲ. ಕೆಮ್ಮಣ್ಣು ಮೋಡವಾಗಿ ಎದ್ದು ಸೂರ್ಯನಿಗೆ ಸೀನು ಬಂತಂತೆ. ಕೊನೆಗೆ ಭೋಗಜಟ್ಟಿಯ ನೆತ್ತಿಯ ಮೇಲೆ ದಾಳಿಂಬೆ ಕಾಳಿನಷ್ಟು ರಕ್ತ ಕಂಡಿತು. ಜರಿ ರುಮಾಲು ಮೊದಲ ಸಲ ಸಿಂಗಜಟ್ಟಿಯ ತಲೆಗೆ ಬಂತು.

ಮಾರನೇ ದಿನ ನಂಜರಸಯ್ಯ ಪಡುವಲ ಗರಡಿಗೆ ಬಂದ. ಅಂಗಳದಲ್ಲಿ ನಲವತ್ತು ಶಿಷ್ಯರು ಸಾಮು ಮಾಡುತ್ತಿದ್ದರು. ಸಿಂಗಜಟ್ಟಿ ಗಂಟಲು ಹರಿಯೋ ಹಾಗೆ ಕೂಗಿದ. "ಸಂಚಿ ಪೂರ್ತಿ ಭೋಗಣ್ಣನಿಗೇ ಸೇರಲಿ! ನನಗೆ ಒಂದು ವರಹವೂ ಬೇಡ!"

ನಂಜರಸಯ್ಯ ಬೆಚ್ಚಿದ. ಆದರೆ ಒಳಗೇ ನಕ್ಕ. ಈ ಶಿಷ್ಯರ ಬಾಯಿಗೂ ಮಾತುಕಟ್ಟು ಇದೆಯಲ್ಲ, ಆ ಗರಡಿಗೆ ಹೋಗಿ ಯಾರು ಹೇಳ್ತಾರೆ? ಮೂಡಲ ಗರಡಿಗೆ ಹೋದ. ಅಲ್ಲೂ ನಲವತ್ತು ಶಿಷ್ಯರು. ಭೋಗಜಟ್ಟಿಯೂ ಕೂಗಿದ. "ಸಂಚಿ ಪೂರ್ತಿ ಸಿಂಗನಿಗೇ ಇರಲಿ!"

ಮೊದಲ ದಿನ ಹೀಗೆ. ನಾಲ್ಕನೇ ದಿನ ಹೀಗೆ. ಏಳನೇ ದಿನವೂ ಹೀಗೆ. ಮೂರು ಸಲವೂ ನಂಜರಸಯ್ಯ ಆಚೆ ಗರಡಿಯ ಮೂಲೆಗೆ ಹೋಗಿ ಪಿಸುಗುಟ್ಟಿದ್ದು ಒಂದೇ ಮಾತು. "ಪೂರ್ತಿ ತನಗೇ ಬೇಕಂತೆ ಕಣಪ್ಪ. ನಿನ್ನ ಹೆಸರೆತ್ತಿದರೆ ಉಗೀತಾನೆ."

ಎಂಟನೇ ದಿನ ಕಹಳೆ ಊದಿತು. ರಾಜ ಕೇಳಿದ. "ಏನಯ್ಯ ನಂಜರಸಯ್ಯ, ರಾಜಿ ಆಯ್ತೇ?"

"ಎಲ್ಲಿಯ ರಾಜಿ ಮಹಾಸ್ವಾಮಿ! ಪೂರ್ತಿ ಸಂಚಿ ನನಗೇ ಅಂತ ಇಬ್ಬರದೂ ಒಂದೇ ಹಟ. ಒಬ್ಬರ ಮುಖಕ್ಕೆ ಒಬ್ಬರು ಉಗಿಯೋದೊಂದು ಬಾಕಿ. ಪದ್ಧತಿಯಂತೆ ಸಂಚಿ ದೀಪದ ಎಣ್ಣೆಗೆ…"

"ತಡೀರಿ ಸ್ವಾಮಿ," ಅಂದ ಸಿಂಗಜಟ್ಟಿ. "ಸಂಚಿ ಪೂರ್ತಿ ಅಣ್ಣನಿಗೆ ಅಂತ ನಾನು ಮೂರು ಸಲ ಹೇಳಿ ಕಳಿಸಿದ್ದೆ."

"ಪೂರ್ತಿ ತಮ್ಮನಿಗೆ ಅಂತ ನಾನೂ ಮೂರು ಸಲ ಹೇಳಿ ಕಳಿಸಿದ್ದೆ," ಅಂದ ಭೋಗಜಟ್ಟಿ.

"ಸುಳ್ಳು! ಇಬ್ಬರೂ ಸೇರಿ ಹೂಡಿದ ಆಟ!" ನಂಜರಸಯ್ಯ ಕಿರುಚಿದ.

"ಹೇಳಿದ್ದನ್ನು ಕೇಳಿದವರು ಯಾರಾದರೂ ಇದ್ದೀರಾ?" ರಾಜ ಕೇಳಿದ.

ಬಲಗಡೆ ನಲವತ್ತು ಬೋಳುತಲೆಗಳು ಎದ್ದು ನಿಂತವು. ಎಡಗಡೆ ನಲವತ್ತು ಬೋಳುತಲೆಗಳು ಎದ್ದು ನಿಂತವು. ಎಂಬತ್ತು ಗಂಟಲೂ ಒಟ್ಟಿಗೆ "ನಾವು ಕೇಳಿದ್ದೇವೆ!" ಅಂದಾಗ ಅರಮನೆಯ ಹೆಂಚು ನಡುಗಿತು. ಎರಡು ವರ್ಷದ ಕತೆಯನ್ನು ಸಿಂಗಜಟ್ಟಿ ಅಲ್ಲೇ ಬಿಚ್ಚಿಟ್ಟ.

ರಾಜನ ಮೀಸೆ ಕುಣಿಯಿತು. ಆದರೂ ಒಂದು ಅನುಮಾನ ಉಳಿದಿತ್ತು. "ಸರಿ, ಈಗ ನಿಮ್ಮಿಬ್ಬರ ಒಪ್ಪಂದ ಏನು?"

"ಸಮಪಾಲು, ಮಹಾಸ್ವಾಮಿ."

"ಗೆದ್ದವನು ನೀನು. ಸೋತವನಿಗೂ ನಿನ್ನಷ್ಟೇ ಯಾಕೆ?"

"ಗೆದ್ದಿದ್ದಕ್ಕೆ ರುಮಾಲು ಬಂತಲ್ಲ. ಸಂಚಿ ಗೆದ್ದಿದ್ದಕ್ಕಲ್ಲ, ಕಾಳಗ ಆಡಿದ್ದಕ್ಕೆ. ಅಣ್ಣ ಇಲ್ಲದೆ ನಾನೊಬ್ಬನೇ ಆಡ್ತೀನಿ, ನೋಡಿ." ಸಿಂಗಜಟ್ಟಿ ಸಭೆಯ ನಡುವೆ ಗಾಳಿಗೆ ಗುದ್ದಿದ, ಎಗರಿದ, ಹೂಂಕರಿಸಿದ, ತಾನೇ ಬಿದ್ದ, ತಾನೇ ಎದ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿರಿಯ ರಾಣಿ ಆಕಳಿಸಿದಳು. ಸಿಂಗಜಟ್ಟಿ ಕೇಳಿದ. "ಇದಕ್ಕೆಷ್ಟು ಕೊಡ್ತೀರಿ, ಮಹಾಸ್ವಾಮಿ?"

"ಒಂದು ಬಾಳೆಹಣ್ಣೂ ಕೊಡಲ್ಲ!" ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಾಗಾದರೆ ಸಾವಿರ ವರಹದಲ್ಲಿ ನನ್ನೊಬ್ಬನದೇ ಅನ್ನೋದು ಒಂದು ಕಾಸೂ ಇಲ್ಲ. ಇರೋದೆಲ್ಲ ನಮ್ಮಿಬ್ಬರದು."

ರಾಜ ನಂಜರಸಯ್ಯನ ಕಡೆ ತಿರುಗಿದ. "ಇವನಿಗೇನು ಶಿಕ್ಷೆ? ನೀನೇ ಹೇಳು ಸಿಂಗಜಟ್ಟಿ."

"ದೊಡ್ಡದೇನೂ ಬೇಡ. ಕಣದ ಹಣ ಎರಡು ಸಲ ತಗೊಂಡಿದ್ದಾರೆ, ಕಣಕ್ಕೆ ಒಂದು ಸಲವೂ ಇಳಿದಿಲ್ಲ. ಒಂದೇ ಒಂದು ಗುದ್ದಿಗೆ ಇಳಿಯಲಿ. ಎದುರಿಗೆ ಭೋಗಣ್ಣ ನಿಲ್ತಾನೆ."

ನಂಜರಸಯ್ಯನ ತಲೆ ಬೋಳಿಸಿ ಕೆಮ್ಮಣ್ಣಿನ ಮೇಲೆ ನಿಲ್ಲಿಸಿದರು. ಭೋಗಜಟ್ಟಿ ಮುಷ್ಟಿ ಎತ್ತಿದ. ಬರೀ ಎತ್ತಿದ, ಅಷ್ಟೇ. "ನಮ್ಮ ದನದ ಹಟ್ಟಿಯಲ್ಲಿ! ಬೂಸಾ ತುಂಬಿದ ಗುಡಾಣದಲ್ಲಿ! ಎರಡೂ ಸಂಚಿ ಹಾಗೇ ಇದೆ, ಗಂಟೂ ಬಿಚ್ಚಿಲ್ಲ!" ಅಂತ ನಂಜರಸಯ್ಯ ಕೂಗಿದ್ದು ಏಳು ಕೆರೆಯಾಚೆಗೂ ಕೇಳಿಸಿತು. ಕಣ ಬಿಟ್ಟು ಓಡಿದವನು ಆ ಸೀಮೆಯಲ್ಲೇ ನಿಲ್ಲಲಿಲ್ಲ.

ಮೂರು ಸಂಚಿಗಳನ್ನೂ ತಂದು ರಾಜನ ಮುಂದೆ ಇಟ್ಟರು. ಅಣ್ಣನ ದೊಡ್ಡ ಕೈ, ತಮ್ಮನ ಗಿಡ್ಡ ಕೈ ಒಟ್ಟಿಗೆ ಮೇಲೆ ಬಿದ್ದವು. "ಒಪ್ಪಿದೆ!" ಅಂದರು. ಎಂಬತ್ತು ಶಿಷ್ಯರು ಇಬ್ಬರನ್ನೂ ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದರು. ಚೆನ್ನಾಜಿ ಆವತ್ತು ಒಂದೇ ತಣಿಗೆಯಲ್ಲಿ ಇಬ್ಬರಿಗೂ ಬಡಿಸಿದಳು.

ಅದಕ್ಕೇ ಹೇಳೋದು, ಮಕ್ಕಳೇ. ಇಬ್ಬರ ಬೆವರಿನಿಂದ ಬಂದದ್ದನ್ನು ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕು. ಗೆಳೆಯನ ಮೇಲೆ ಯಾರಾದರೂ ಚಾಡಿ ತಂದರೆ, ಸಿಟ್ಟಾಗೋ ಮೊದಲು ಗೆಳೆಯನನ್ನೇ ಕೇಳಬೇಕು. ಮಾತು ಹೊರುವವನ ಹೆಗಲ ಮೇಲೆ ಯಾವಾಗಲೂ ಅವನದೇ ಒಂದು ಖಾಲಿ ಚೀಲ ಇರುತ್ತದೆ.