ಸರಸಾಂಬ ಹೇಳಿದ ಸಂಧಿ, ಸಣ್ಣತಾಯಿ ಕೇಳಿದ ಸಂದಿ

ಮಕ್ಕಳೇ, ಬಿಳಿಕಲ್ಲು ಗುಡ್ಡದ ಕೆಳಗಿನ ಕಾಡಿನಲ್ಲಿ ಮುಳ್ಳುಹಂದಿ ಸರಸಾಂಬ ಅವರ ಮನೆತನವೆಂದರೆ ಸಾಮಾನ್ಯದ್ದಲ್ಲ. ಏಳು ತಲೆಮಾರಿನಿಂದ ಅದಕ್ಕೆ ‘ಬೇರಿನ ಮನೆ’ ಎಂದೇ ಹೆಸರು. ಅವರ ಮುತ್ತಜ್ಜಿ ಆನೆಯ ಅಜೀರ್ಣಕ್ಕೆ ಬೇರು ಕೊಟ್ಟವರು. ಅಜ್ಜಿಯ ಬಾಗಿಲಲ್ಲಿ ಹುಲಿ ಕೂಡ ಸರದಿಯಲ್ಲಿ ನಿಂತು ಕೆಮ್ಮಿನ ಔಷಧ ತೆಗೆದುಕೊಂಡು ಹೋಗಿತ್ತು. ತಾಯಿಯಂತೂ ಆರು ಋತುಗಳ ಹೆಸರನ್ನು ಒಂದೇ ಉಸಿರಿನಲ್ಲಿ, ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಆ ಮನೆಯಲ್ಲಿ ಹೊತ್ತು ತಪ್ಪಿ ಉಂಡವರಿಲ್ಲ, ಉಗುರಲ್ಲಿ ಮಣ್ಣಿಟ್ಟುಕೊಂಡು ಊಟಕ್ಕೆ ಕೂತವರಿಲ್ಲ.

ಯಾವ ಋತುವಿನಲ್ಲಿ ಏನು ತಿನ್ನಬೇಕು, ಎಷ್ಟು ಮಲಗಬೇಕು, ಎಂಥ ನೀರು ಕುಡಿಯಬೇಕು ಎಂದು ಕಾಡಿನವರಿಗೆ ತಿಳಿಸುವುದು ಬೇರಿನ ಮನೆಯ ಕೆಲಸ. ಈಗ ಆ ಕೆಲಸ ಸರಸಾಂಬ ಅವರದು. ಮನೆಯಲ್ಲಿ ಉಳಿದವರೂ ಅವರೊಬ್ಬರೇ.

ಕಾಡಿನವರು ಅವರಿಗೆ ದೂರದಿಂದಲೇ ನಮಸ್ಕರಿಸುತ್ತಿದ್ದರು. ಹತ್ತಿರ ಬಂದರೆ ಒಂದು ಕಡೆ ಮುಳ್ಳು, ಇನ್ನೊಂದು ಕಡೆ ತಿದ್ದುಪಡಿ.

“ಅಮ್ಮನವರ ಮುಂದೆ ಕೆಮ್ಮಬೇಕಾದರೂ ವ್ಯಾಕರಣ ನೋಡಿಕೊಂಡು ಕೆಮ್ಮಬೇಕಪ್ಪಾ!” ಎಂದು ಕಾಡುಕೋಳಿ ಕೆಂಚಪ್ಪ ನಗುತ್ತಿದ್ದ.

ಅವರ ಮನೆಗೆ ದಿನವೂ ಬರುತ್ತಿದ್ದುದು ಒಂದೇ ಒಂದು ಜೀವ, ಮೊಲದ ಸಣ್ಣತಾಯಿ. ಬೆಳಗಾದರೆ ಬಂದು, ನಾಲ್ಕು ಮಾರು ದೂರದಲ್ಲಿ ಕಿವಿ ಮಡಿಸಿ ಕೂತು, “ಇವತ್ತು ಏನು ಮಾಡಬೇಕು ಅಮ್ಮಾ?” ಎಂದು ಕೇಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು. ಆ ಸ್ವಲ್ಪ ಹೊತ್ತಿಗಾಗಿಯೇ ಸರಸಾಂಬ ಬೇಗ ಎದ್ದು ಅಂಗಳ ಗುಡಿಸುತ್ತಿದ್ದರು. ಇದನ್ನು ಮಾತ್ರ ಅವರು ಯಾರಿಗೂ ಹೇಳಿದವರಲ್ಲ.

ಬೇಸಿಗೆ ಮುಗಿಯುತ್ತ ಬಂದಿತು. ಗುಡ್ಡದ ಹಿಂದೆ ಮೋಡ ಕಟ್ಟತೊಡಗಿತು. ಒಂದು ಬೆಳಿಗ್ಗೆ ಸರಸಾಂಬ ಬಂಡೆಯ ಮೇಲೆ ನಿಂತು ಕಾಡಿಗೆಲ್ಲ ಕೇಳುವಂತೆ ಸಾರಿದರು.

“ನಾಳೆಯಿಂದ ಸಂಧಿ. ಸಂಧಿಯಲ್ಲಿ ತಣ್ಣೀರು ಕಡಿಮೆ. ಸಂಧಿಯಲ್ಲಿ ಹಗಲು ನಿದ್ದೆ ಕಡಿಮೆ. ಸಂಧಿಯಲ್ಲಿ ತಂಪು ಹಣ್ಣು ಕಡಿಮೆ. ಒಮ್ಮೆಗೇ ಬಿಡಬಾರದು. ದಿನಕ್ಕಿಷ್ಟು ಬಿಡುತ್ತ ಬಂದು, ಹದಿನಾಲ್ಕನೆಯ ದಿನ ಪೂರ್ತಿ ಬಿಡಬೇಕು. ಇಷ್ಟೇ. ಎರಡನೆಯ ಸಲ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.”

ಕೆಂಚಪ್ಪ ರೆಕ್ಕೆ ಬಡಿದು ಹೊರಟ. ಅವನಿಗೆ ಅರ್ಥವಾಗಲಿಲ್ಲ, ಆದರೆ ಅವನು ಯಾವ ನಿಯಮವನ್ನೂ ಪಾಲಿಸುವವನಲ್ಲವಾದ್ದರಿಂದ ಅದರಿಂದ ತೊಂದರೆಯೂ ಇರಲಿಲ್ಲ. ಸಣ್ಣತಾಯಿ ಮಾತ್ರ ಅಲ್ಲೇ ನಿಂತಳು. ಅವಳು ತನ್ನ ಮೂರು ಎಳೆ ಮರಿಗಳೊಂದಿಗೆ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ವಾಸವಾಗಿದ್ದಳು. ಒಳಗೆ ಬೆಚ್ಚಗೆ, ಒಣಗಿ ಇರುತ್ತಿತ್ತು. ಮೂಲೆಯಲ್ಲಿ ಕಲ್ಲಿನಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು.

“ಅಮ್ಮಾ, ಒಂದು ಮಾತು. ಯಾವ ಸಂದಿ?” ಎಂದು ಕೇಳಿದಳು.

ಸರಸಾಂಬ ಅವರ ಮುಳ್ಳುಗಳು ಸರ್ರೆಂದು ನಿಂತವು. “ಸಂದಿ? ಏನದು ಸಂದಿ? ಧಕಾರಕ್ಕೆ ಉಸಿರಿಲ್ಲವೇ? ಸಂಧಿ! ಹೊಟ್ಟೆಯಿಂದ ಹೇಳು.”

“ಸಂದಿ.”

“ಅಲ್ಲ.”

“ಸಂದ್... ಹಿ.”

“ಯಾರೋ ಕತ್ತು ಹಿಸುಕಿದ ಹಾಗಿದೆ. ಇನ್ನೊಮ್ಮೆ.”

ಸಣ್ಣತಾಯಿ ಕೆನ್ನೆ ಉಬ್ಬಿಸಿ, ಮೂಗು ಅರಳಿಸಿ, ಹತ್ತು ಸಲ ಹೇಳಿದಳು. ಹನ್ನೊಂದನೆಯ ಸಲ ಅವಳ ಬಾಯಿಂದ ‘ಸಂಧಿ’ ಎಂಬ ಮಾತು ಶುದ್ಧವಾಗಿ ಹೊರಬಿತ್ತು.

“ಭೇಷ್!” ಎಂದರು ಸರಸಾಂಬ. ಅಷ್ಟು ಸಂತೋಷ ಅವರಿಗೆ ಬಹಳ ದಿನದಿಂದ ಆಗಿರಲಿಲ್ಲ. “ಈಗ ಮನೆಗೆ ಹೋಗು. ಹೇಳಿದ ಹಾಗೆ ನಡೆದುಕೋ.”

ಸಣ್ಣತಾಯಿಗೆ ಇನ್ನೂ ಏನೋ ಕೇಳುವುದಿತ್ತು. ಆದರೆ ಭೇಷ್ ಎಂದ ಮೇಲೆ ಕೇಳುವುದು ಹೇಗೆ? ಅವಳು ಮನೆಗೆ ಹೋದಳು.

ಮರುದಿನ ಅವಳು ತಡವಾಗಿ ಬಂದು, ನಿಂತುಕೊಂಡೇ ಮಾತನಾಡಿಸಿ ಹೋದಳು. “ಮರಿಗಳನ್ನು ನೋಡಿಕೊಳ್ಳಬೇಕಮ್ಮಾ, ಕೆಲಸ ಜಾಸ್ತಿಯಾಗಿದೆ” ಎಂದಳು. ಅದರ ಮರುದಿನ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ.

ಸರಸಾಂಬ ಅಂಗಳ ಗುಡಿಸಿದರು. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದರು. ಮಳೆಗಾಲದಲ್ಲಿ ಹಸಿವು ಮಂದವಾಗುತ್ತದೆಂದು ಒಣಶುಂಠಿಯ ತುಂಡುಗಳನ್ನು ಎಲೆಯ ಮೇಲೆ ಸಾಲಾಗಿ ಇಟ್ಟರು. ಒಂದು ತಮಗೆ, ಒಂದು ಸಣ್ಣತಾಯಿಗೆ, ಮೂರು ಚೂರು ಮರಿಗಳಿಗೆ. ತಮ್ಮದನ್ನು ತಿಂದು ಮುಗಿಸಿ, ಉಳಿದದ್ದನ್ನು ಸಂಜೆ ಒಳಗೆತ್ತಿಟ್ಟರು. ಏಳನೆಯ ದಿನದವರೆಗೂ ಹೀಗೇ ನಡೆಯಿತು.

“ಬಾರದಿದ್ದರೆ ಬಿಡಲಿ. ಶಿಸ್ತಿಲ್ಲದ ಜನ” ಎಂದು ಗಟ್ಟಿಯಾಗಿ ಹೇಳಿದರು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಎಂಟನೆಯ ದಿನ ಮಳೆ ಹಿಡಿಯಿತು. ಒಂಬತ್ತನೆಯ ದಿನ ಕೆಂಚಪ್ಪ ರೆಕ್ಕೆಯಿಂದ ನೀರು ಕೊಡವುತ್ತ ಬೇರಿನ ಮನೆಯ ಚಾವಣಿಯ ಕೆಳಗೆ ನಿಂತ.

“ಅಮ್ಮನವರೇ, ಮೊಲದವಳಿಗೆ ಅದೇನು ವ್ರತ ಹೇಳಿಕೊಟ್ಟಿರಿ? ಗಟ್ಟಿಮುಟ್ಟಾದ ಮನೆ ಬಿಟ್ಟು ಕೆರೆಯ ಬಯಲಲ್ಲಿ ಕೂತಿದ್ದಾಳೆ. ಒಂದು ಮರಿಯಂತೂ ತಲೆ ಎತ್ತುತ್ತಿಲ್ಲ.”

ಸರಸಾಂಬ ಶುಂಠಿಯಿಟ್ಟ ಎಲೆಯನ್ನು ಮಡಿಸಿಕೊಂಡು, ಅದೇ ಮಳೆಯಲ್ಲಿ ಹೊರಟರು. ಇನ್ನೊಬ್ಬರ ಮನೆಗೆ ತಾವಾಗಿ ಹೊರಟದ್ದು ಅವರ ಬದುಕಿನಲ್ಲಿ ಅದೇ ಮೊದಲು. ದಾರಿ ಕೂಡ ಸರಿಯಾಗಿ ಗೊತ್ತಿರಲಿಲ್ಲ, ಕೆಂಚಪ್ಪನನ್ನು ಕೇಳಬೇಕಾಯಿತು.

ಬಂಡೆಗಳ ನಡುವಿನ ಮನೆ ಖಾಲಿಯಾಗಿತ್ತು, ಒಣಗಿತ್ತು. ಸಣ್ಣತಾಯಿ ಕೆರೆಯ ಅಂಚಿನಲ್ಲಿ, ನೆನೆದ ಹುಲ್ಲಿನ ಮೇಲೆ, ಮರಿಗಳಿಗೆ ತನ್ನ ಮೈಯನ್ನೇ ಮರೆಮಾಡಿ ಕೂತಿದ್ದಳು. ಸುತ್ತ ಮಳೆಗೆ ಉದುರಿದ ಹಣ್ಣುಗಳು ಅರ್ಧ ಕಚ್ಚಿದ ಹಾಗೇ ಬಿದ್ದಿದ್ದವು. ಕೆರೆಯ ನೀರು ಕೆಂಪಗೆ ಕದಡಿತ್ತು. ಮರಿಗಳ ಹೊಟ್ಟೆ ಉಬ್ಬಿತ್ತು, ಮೂಗು ಸೋರುತ್ತಿತ್ತು.

“ಇದೇನು ಮಾಡಿಕೊಂಡೆ?” ಎಂದರು ಸರಸಾಂಬ.

“ನೀವು ಹೇಳಿದ್ದನ್ನೇ ಅಮ್ಮಾ. ಸಂಧಿಯಲ್ಲಿ ನೀರು, ನಿದ್ದೆ, ಹಣ್ಣು ಕಡಿಮೆ ಮಾಡಿ ಅಂದಿರಿ. ಮೊದಲ ದಿನ ನೀರು ಹೊರಗೆ ಕುಡಿಸಿದೆ. ಆಮೇಲೆ ಹಣ್ಣು ಹೊರಗೆ ತಿನ್ನಿಸಿದೆ. ದಿನಕ್ಕಿಷ್ಟು ಬಿಡುತ್ತ ಬಂದು, ಈಗ ಮಲಗುವುದಕ್ಕೂ ಸಂಧಿಯೊಳಗೆ ಹೋಗುತ್ತಿಲ್ಲ.”

ಧಕಾರಕ್ಕೆ ಎಷ್ಟು ಬೇಕೋ ಅಷ್ಟೂ ಉಸಿರಿತ್ತು.

ಸರಸಾಂಬ ಎಲೆಯನ್ನು ಬಿಚ್ಚಿದರು. ಶುಂಠಿಯನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಿ ಮರಿಗಳ ನಾಲಿಗೆಗೆ ಹಚ್ಚಿದರು. ಒಂದೊಂದೇ ಮರಿಯನ್ನು ಸಣ್ಣತಾಯಿ ಎತ್ತಿ ಬಂಡೆಯ ಸಂದಿಯೊಳಗೆ ಒಯ್ದಳು. ಮುಳ್ಳು ತಗಲೀತೆಂದು ಸರಸಾಂಬ ಹೊರಗೇ, ಮಳೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಅಡ್ಡವಾಗಿ ಕೂತರು. ಅಲ್ಲಿಂದಲೇ ಹೇಳಿದರು.

“ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ. ಎರಡೂ ಕೂಡುವ ಆ ಹದಿನಾಲ್ಕು ದಿನಕ್ಕೆ ಸಂಧಿ ಎನ್ನುತ್ತಾರೆ. ಬೇಸಿಗೆಯಲ್ಲಿ ತಣ್ಣೀರು ಬೇಕು, ಹಗಲು ಒಂದು ಗಳಿಗೆ ನಿದ್ದೆಯೂ ಬೇಕು. ಮಳೆಗಾಲದಲ್ಲಿ ಅವೇ ಮೈಗೆ ಆಗುವುದಿಲ್ಲ. ಅದಕ್ಕೆ ನಿಧಾನವಾಗಿ ಬಿಡಬೇಕು. ಬಂಡೆಗೂ ಅದಕ್ಕೂ ಸಂಬಂಧವಿಲ್ಲ.”

ಒಳಗೆ ಸಣ್ಣತಾಯಿ ಮರಿಗಳ ಮೈ ನೆಕ್ಕಿ ಒಣಗಿಸುತ್ತಿದ್ದಳು.

ನಾಲ್ಕು ದಿನ ಸರಸಾಂಬ ಬೆಳಿಗ್ಗೆ ಬಂದು ಬಾಗಿಲ ಮುಂದೆ ಶುಂಠಿ ಇಟ್ಟು ಹೋದರು. ಅವರು ಅತ್ತ ಹೋದ ಮೇಲೆ ಸಣ್ಣತಾಯಿ ಅದನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳು. ಎರಡು ಮರಿಗಳು ಬೇಗ ಚೇತರಿಸಿಕೊಂಡವು. ಮೂರನೆಯದು ಹದಿಮೂರನೆಯ ದಿನ ಕಣ್ಣು ತೆರೆದು ಎಳೆಹುಲ್ಲು ಕೇಳಿತು. ಈ ಸುದ್ದಿಯನ್ನು ಸರಸಾಂಬ ಅವರಿಗೆ ತಿಳಿಸಿದವನು ಕೆಂಚಪ್ಪ.

ಹದಿನೈದನೆಯ ದಿನ ಅವರು ಅಂಗಳ ಗುಡಿಸಿ, ಸಣ್ಣತಾಯಿ ಕೂರುತ್ತಿದ್ದ ಜಾಗದಲ್ಲಿ ಒಣಗಿದ ಎಲೆ ಹಾಸಿ ಕಾದರು. ಬಿಸಿಲು ಏರಿತು. ಯಾರೂ ಬರಲಿಲ್ಲ. ಕೊನೆಗೆ ತಾವೇ ಎದ್ದು ಬಂಡೆಯ ಬಳಿ ಹೋದರು.

ಸಣ್ಣತಾಯಿ ಬಾಗಿಲಲ್ಲೇ ನಿಂತಿದ್ದಳು.

“ಸಂಧಿ ಮುಗಿಯಿತು. ಇಂದಿನಿಂದ ವರ್ಷ ಋತುವಿನ ಕ್ರಮ” ಎಂದರು ಸರಸಾಂಬ. “ಬೆಳಿಗ್ಗೆ ಬಂದಿದ್ದರೆ ಅಲ್ಲೇ ಹೇಳುತ್ತಿದ್ದೆ.”

“ಕ್ರಮ ಆಮೇಲೆ ಹೇಳುವಿರಂತೆ.”

“ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಸಣ್ಣತಾಯಿ.”

“ಇರಲಿಲ್ಲಮ್ಮಾ. ಯಾವ ಸಂದಿ ಅಂತ ನಾನು ಕೇಳಿದೆ. ನೀವು ಹೇಳಲಿಲ್ಲ. ಒಂಬತ್ತೇ ದಿನದಲ್ಲಿ ನಾನು ಬಯಲಿಗೆ ಬಿದ್ದೆ, ಮಕ್ಕಳು ನೆನೆದವು.”

ಸರಸಾಂಬ ಕೆರೆಯ ಕಡೆ ನೋಡಿದರು, ಮತ್ತೆ ತಮ್ಮ ಮನೆಯ ದಾರಿಯ ಕಡೆ ನೋಡಿದರು. ಆ ದಾರಿಯಲ್ಲಿ ಅವರದೇ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. “ಹಾಗಾದರೆ ನೀನಿನ್ನು ಬರುವುದಿಲ್ಲವೇ?” ಎಂದು ಮೆಲ್ಲಗೆ ಕೇಳಿದರು.

ಮೂರು ಮರಿಗಳು ತಾಯಿಯ ಕಾಲ ಸಂದಿಯಿಂದ ಇಣುಕಿದವು. ಸಣ್ಣತಾಯಿ ಅವನ್ನು ಮುಂದಕ್ಕೆ ತಂದು ಸಾಲಾಗಿ ನಿಲ್ಲಿಸಿದಳು.

“ಮೊದಲು ಇವರ ಹತ್ತಿರ ಕ್ಷಮೆ ಕೇಳಿ” ಎಂದಳು.

ನೀತಿ: ಋತು ಬದಲಾದಂತೆ ದಿನಚರಿಯನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿಕೊಳ್ಳಬೇಕು, ಅದನ್ನು ಕಲಿಸುವವರು ಉಚ್ಚಾರವನ್ನು ತಿದ್ದುವ ಮೊದಲು ಅರ್ಥವನ್ನು ತಿಳಿಸಬೇಕು.